ಸಾಕೆಟ್ ಸಂಪರ್ಕ ಕೈಕೊಟ್ಟಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಂಗಡಿ, ಗಿರಣಿ, ಸಹಕಾರ ಸಂಘಗಳಿಗೆ ಡೆಸ್ಕ್‌ಟಾಪ್ ತಂತ್ರಾಂಶ ಬರೆದುಕೊಡುವ ಓದುಗರಿಂದ ನೆಟ್‌ವರ್ಕ್ ಸಾಕೆಟ್ (ಎರಡು ಕಾರ್ಯಕ್ರಮಗಳು ಜಾಲದ ಮೂಲಕ ಮಾತಾಡಲು ಬಳಸುವ ಸಂಪರ್ಕದ ತುದಿ) ಕುರಿತು ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಹಲವು ಪತ್ರಗಳಲ್ಲಿ "ಸಂಪರ್ಕ ಆಗುತ್ತಿಲ್ಲ" ಎಂಬ ಒಂದೇ ಮಾತಿದೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಆ ಹೊತ್ತಿನಲ್ಲಿ ಕೊಟ್ಟ ದೋಷಸಂಖ್ಯೆ ಯಾವುದೆಂಬುದು ಇಲ್ಲ. ತಂತ್ರಾಂಶವೇ ಆ ಸಂಖ್ಯೆಯನ್ನು ನುಂಗಿ, ಬಳಕೆದಾರರ ಮುಂದೆ "ಸರ್ವರ್ ಸಮಸ್ಯೆ" ಎಂಬ ಸಾಲನ್ನು ತೋರಿಸಿರುವುದೇ ಇದಕ್ಕೆ ಕಾರಣ ಎಂದು ಪತ್ರಗಳನ್ನು ಓದಿದರೆ ತಿಳಿಯುತ್ತದೆ. ದಯವಿಟ್ಟು ಮೊದಲು ಇದನ್ನು ಸರಿಪಡಿಸಿ: ಸಾಕೆಟ್‌ನ ಪ್ರತಿಯೊಂದು ವೈಫಲ್ಯವನ್ನೂ ಸಮಯ, ವಿಳಾಸ, ಪೋರ್ಟ್ (ಆ ಕಂಪ್ಯೂಟರಿನೊಳಗೆ ಯಾವ ಕಾರ್ಯಕ್ರಮ ಎಂದು ಗುರುತಿಸುವ ಸಂಖ್ಯೆ) ಮತ್ತು ದೋಷಸಂಖ್ಯೆಯ ಸಮೇತ ಲಾಗ್ ಕಡತಕ್ಕೆ ಬರೆಯಿರಿ. ಮುಂದಿನ ಉತ್ತರಗಳೆಲ್ಲ ಆ ಸಂಖ್ಯೆ ನಿಮ್ಮ ಕೈಯಲ್ಲಿದೆ ಎಂದುಕೊಂಡೇ ಬರೆದವು.

ಪ್ರಶ್ನೆ: ನಾನು ಬರೆದ ಬಿಲ್ಲಿಂಗ್ ಸರ್ವರ್ ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತದೆ. ಅಂಗಡಿಯಲ್ಲಿ ಸ್ಥಾಪಿಸಿದ ಮೇಲೆ ಪಕ್ಕದ ಕೌಂಟರಿನ ಕಂಪ್ಯೂಟರ್ ಅದಕ್ಕೆ ಸಂಪರ್ಕ ಪಡೆಯುತ್ತಿಲ್ಲ. ಪಿಂಗ್ ಮಾಡಿದರೆ ಮಾತ್ರ ಉತ್ತರ ಬರುತ್ತದೆ. (ಶಿವಮೊಗ್ಗದ ಓದುಗರು)

ಉತ್ತರ: ಪಿಂಗ್‌ಗೆ ಉತ್ತರ ಬಂದರೆ ಆ ಕಂಪ್ಯೂಟರ್ ಜಾಲದಲ್ಲಿ ಇದೆ ಎಂದಷ್ಟೇ ಗೊತ್ತಾಗುತ್ತದೆ; ನಿಮ್ಮ ಪೋರ್ಟ್ ತೆರೆದಿದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಇಲ್ಲಿ ನೋಡಬೇಕಾದದ್ದು ಬಂದಿರುವ ದೋಷ 10061 ಆಗಿದೆಯೇ ಅಥವಾ 10060 ಆಗಿದೆಯೇ ಎಂಬುದನ್ನು. 10061 ಎಂದರೆ ನಿಮ್ಮ ಕೋರಿಕೆ ಆ ಕಂಪ್ಯೂಟರನ್ನು ತಲುಪಿದೆ, ಆದರೆ ಆ ವಿಳಾಸದ ಆ ಪೋರ್ಟಿನಲ್ಲಿ ಕೇಳುವವರು ಯಾರೂ ಇಲ್ಲವೆಂದು ಅದು ತಿರಸ್ಕರಿಸಿದೆ. 10060 ಎಂದರೆ ಯಾವ ಉತ್ತರವೂ ಬಾರದೆ ಕಾದು ಸಾಕಾಗಿದೆ. ಹೆಚ್ಚಿನ ಪಾಲು, ನಡುವೆ ಇರುವ ಫೈರ್‌ವಾಲ್ (ಬೇಡದ ಸಂಪರ್ಕಗಳನ್ನು ತಡೆಯುವ ಕಾವಲು) ಕೋರಿಕೆಯನ್ನು ಸದ್ದಿಲ್ಲದೆ ಬಿಸಾಕಿರುತ್ತದೆ.

10061 ಬಂದಿದ್ದರೆ ಸರ್ವರ್ ಇರುವ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಸ್ಟಾಟ್ ಆದೇಶವನ್ನು ಎ, ಎನ್, ಒ ಎಂಬ ಮೂರು ಆಯ್ಕೆಗಳೊಂದಿಗೆ ಕೊಟ್ಟು ನಿಮ್ಮ ಪೋರ್ಟಿನ ಸಾಲನ್ನು ಹುಡುಕಿ. ಅಲ್ಲಿ 127.0.0.1 ಎಂದಿದ್ದರೆ ನಿಮ್ಮ ಸರ್ವರ್ ತನ್ನದೇ ಕಂಪ್ಯೂಟರಿನಿಂದ ಬರುವ ಕರೆಗಳಿಗೆ ಮಾತ್ರ ಕಿವಿಗೊಡುತ್ತಿದೆ. ಬೈಂಡ್ ಮಾಡುವಾಗ (ಸಾಕೆಟ್‌ಗೆ ವಿಳಾಸ ಮತ್ತು ಪೋರ್ಟ್ ಕಟ್ಟುವಾಗ) 0.0.0.0 ಎಂದಾಗಲಿ ಆ ಕಂಪ್ಯೂಟರಿನ ಜಾಲದ ವಿಳಾಸವನ್ನಾಗಲಿ ಕೊಟ್ಟರೆ ಹೊರಗಿನ ಕರೆಗಳೂ ಬರುತ್ತವೆ. 10060 ಆಗಿದ್ದರೆ ವಿಂಡೋಸ್ ಆ ಜಾಲವನ್ನು "ಪಬ್ಲಿಕ್" ಎಂದು ಗುರುತಿಸಿದೆಯೇ ಎಂದು ನೋಡಿ. ನಿಮ್ಮ ತಂತ್ರಾಂಶಕ್ಕೆ ಫೈರ್‌ವಾಲ್ ಅನುಮತಿಯನ್ನು "ಪ್ರೈವೇಟ್" ಜಾಲಕ್ಕೆ ಮಾತ್ರ ಕೊಟ್ಟಿರುವ ಸಂದರ್ಭ ಬಹಳ. ಫೈರ್‌ವಾಲನ್ನೇ ಪೂರ್ತಿಯಾಗಿ ಆರಿಸಿ ಬರುವ ಪದ್ಧತಿಯನ್ನು ಮಾತ್ರ ಯಾರೂ ಪಾಲಿಸಬಾರದು. ಒಂದು ಪೋರ್ಟಿಗಾಗಿ ಗ್ರಾಹಕರ ಕಂಪ್ಯೂಟರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಬರುವುದು ಅವರು ನಮ್ಮ ಮೇಲಿಟ್ಟ ನಂಬಿಕೆಗೆ ಮಾಡುವ ದ್ರೋಹ.

ಪ್ರಶ್ನೆ: ಅಕ್ಕಿ ಗಿರಣಿಯೊಂದಕ್ಕೆ ಸಿ ಶಾರ್ಪ್‌ನಲ್ಲಿ ತಂತ್ರಾಂಶ ಬರೆದಿದ್ದೇನೆ. ತೂಕದ ಕೋಣೆಯಲ್ಲಿ ರೈತರ ಹೆಸರು ಮತ್ತು ಊರನ್ನು ಕನ್ನಡದಲ್ಲಿ ನಮೂದಿಸಿದರೆ ಕಚೇರಿಯ ಕಂಪ್ಯೂಟರಿನಲ್ಲಿ ರಶೀದಿ ಮುದ್ರಣವಾಗಬೇಕು. ಕೆಲವೊಮ್ಮೆ ಹೆಸರಿನ ನಡುವೆ ವಜ್ರಾಕೃತಿಯೊಳಗೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ, ಕೆಲವೊಮ್ಮೆ ಎರಡು ರಶೀದಿಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಬರೆದಾಗ ಹೆಸರು ಕೆಡುವುದಿಲ್ಲ. ಫಾಂಟ್ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. (ದಾವಣಗೆರೆಯ ಓದುಗರು)

ಉತ್ತರ: ಫಾಂಟ್‌ಗೂ ಇದಕ್ಕೂ ಸಂಬಂಧವಿಲ್ಲ. ನೀವು ಹೇಳಿದ ಎರಡೂ ತೊಂದರೆಗಳ ಬೇರು ಒಂದೇ, ಮತ್ತು ಸಾಕೆಟ್ ಬಳಸುವವರು ಮನಗಾಣಬೇಕಾದ ಎಲ್ಲಕ್ಕಿಂತ ಮುಖ್ಯ ಸಂಗತಿ ಅದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ಸಾಕೆಟ್ ಬಳಸುವ ಟಿಸಿಪಿ ಎಂಬ ಸಾಗಣೆಯ ನಿಯಮ ನಿಮ್ಮ ಸಂದೇಶಗಳನ್ನು ಸಂದೇಶಗಳಾಗಿ ಸಾಗಿಸುವುದಿಲ್ಲ. ಬೈಟ್‌ಗಳ ಹರಿವನ್ನಷ್ಟೇ ಸಾಗಿಸುತ್ತದೆ. ಮೂರು ಕೊಡ ನೀರನ್ನು ಒಂದಾದ ಮೇಲೊಂದರಂತೆ ಕಾಲುವೆಗೆ ಸುರಿದರೆ ಕೆಳಗೆ ನಿಂತವರಿಗೆ ನೀರೆಲ್ಲ ಸಿಗುತ್ತದೆ, ಸುರಿದ ಕ್ರಮದಲ್ಲೇ ಸಿಗುತ್ತದೆ, ಆದರೆ ಮೂರು ಕೊಡಗಳಾಗಿ ಸಿಗುವುದಿಲ್ಲ. ನೀವು ಒಂದು ಬಾರಿ ಸೆಂಡ್ ಮಾಡಿದ್ದು ಆ ಕಡೆ ಎರಡು ರಿಸೀವ್‌ಗಳಲ್ಲಿ ಬರಬಹುದು, ಎರಡು ಸೆಂಡ್ ಮಾಡಿದ್ದು ಒಂದೇ ರಿಸೀವ್‌ನಲ್ಲಿ ಬರಬಹುದು. 1981ರ ಟಿಸಿಪಿ ನಿರೂಪಣೆಯಿಂದ ಇಂದಿನವರೆಗೂ ಇದು ಹೀಗೆಯೇ ಇದೆ. ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಎರಡೂ ತುದಿಗಳನ್ನು ಓಡಿಸಿದಾಗ ಒಂದು ಸೆಂಡ್ ಸಾಮಾನ್ಯವಾಗಿ ಒಂದೇ ರಿಸೀವ್‌ನಲ್ಲಿ ಬಂದುಬಿಡುವುದರಿಂದ ತಪ್ಪು ಮುಚ್ಚಿಹೋಗಿರುತ್ತದೆ. ನಿಜವಾದ ಜಾಲದಲ್ಲಿ, ಈಥರ್ನೆಟ್‌ನ ಒಂದು ಪ್ಯಾಕೆಟ್‌ನಲ್ಲಿ ಸುಮಾರು 1460 ಬೈಟ್ ಮಾತ್ರ ಹಿಡಿಯುವುದರಿಂದ, ಅದು ಬೆಳಕಿಗೆ ಬರುತ್ತದೆ.

ಎರಡು ರಶೀದಿಗಳು ಸೇರಿಕೊಳ್ಳುವುದೇಕೆ ಎಂಬುದು ಇದರಿಂದ ತಿಳಿಯಿತು. ಇನ್ನು ಕೆಟ್ಟುಹೋದ ಹೆಸರು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿಯೊಂದು ಸಂಕೇತಕ್ಕೂ (ಅಕ್ಷರ, ಕಾಗುಣಿತದ ಗುರುತು ಇತ್ಯಾದಿ) 3 ಬೈಟ್ ಬೇಕು. "ಕ" ಎಂಬುದು 224, 178, 149 ಎಂಬ ಮೂರು ಬೈಟ್‌ಗಳಾಗಿ ಹೋಗುತ್ತದೆ. "ಕನ್ನಡ" ಎಂಬ ಪದದಲ್ಲಿ ಕ, ನ, ಒತ್ತಕ್ಷರ ಮಾಡುವ ವಿರಾಮದ ಗುರುತು (್), ನ, ಡ ಎಂಬ 5 ಸಂಕೇತಗಳಿರುವುದರಿಂದ ಒಟ್ಟು 15 ಬೈಟ್. ಅದರಲ್ಲಿ ಮೊದಲ 10 ಬೈಟ್‌ಗಳು ಒಂದು ರಿಸೀವ್‌ನಲ್ಲಿ ಬಂದವೆನ್ನಿ: ಮೊದಲ ಮೂರು ಸಂಕೇತಗಳು ಪೂರ್ತಿಯಾಗಿ ಬಂದಿವೆ, ಎರಡನೆಯ "ನ"ದ ಮೂರರಲ್ಲಿ ಒಂದು ಬೈಟ್ ಮಾತ್ರ ಬಂದಿದೆ. ನಿಮ್ಮ ಕಾರ್ಯಕ್ರಮ ಆ 10 ಬೈಟ್‌ಗಳನ್ನು ಕೂಡಲೇ ಪಠ್ಯವಾಗಿ ಪರಿವರ್ತಿಸಿದರೆ ಒಂಟಿ ಬೈಟ್‌ಗೆ ಅರ್ಥವಿಲ್ಲದೆ ಆ ವಜ್ರಾಕೃತಿ ಬರುತ್ತದೆ. ಮುಂದಿನ ರಿಸೀವ್‌ನಲ್ಲಿ ಬರುವ ಎರಡು ಬೈಟ್‌ಗಳ ಗತಿಯೂ ಅದೇ. ಇಂಗ್ಲಿಷ್ ಹೆಸರು ಎಲ್ಲಿ ತುಂಡಾದರೂ ಅಕ್ಷರದ ಗಡಿಯಲ್ಲೇ ತುಂಡಾಗುವುದರಿಂದ ಅದು ಕೆಡಲಿಲ್ಲ. ನೀವು 1024 ಬೈಟ್‌ನ ಬಫರ್ (ಬಂದ ಬೈಟ್‌ಗಳನ್ನು ತಾತ್ಕಾಲಿಕವಾಗಿ ಇಡುವ ಜಾಗ) ಇಟ್ಟುಕೊಂಡಿದ್ದರೆ ಅದರಲ್ಲಿ 341 ಕನ್ನಡ ಸಂಕೇತಗಳು ಹಿಡಿದು ಒಂದು ಬೈಟ್ ಉಳಿಯುತ್ತದೆ ಎಂಬುದನ್ನೂ ಲೆಕ್ಕಹಾಕಿ ನೋಡಿ.

ಪರಿಹಾರವೆಂದರೆ ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು 4 ಬೈಟ್‌ಗಳಲ್ಲಿ ಕಳುಹಿಸುವುದು. ಓದುವ ಕಡೆ ಮೊದಲು ಆ 4 ಬೈಟ್ ಪೂರ್ತಿಯಾಗುವವರೆಗೆ ರಿಸೀವ್ ಮಾಡುತ್ತಲೇ ಇರಬೇಕು, ಆಮೇಲೆ ಅದು ಹೇಳಿದಷ್ಟು ಬೈಟ್‌ಗಳು ಕೂಡಿಕೊಳ್ಳುವವರೆಗೆ ಮತ್ತೆ ರಿಸೀವ್ ಮಾಡಬೇಕು, ಎಲ್ಲವೂ ಕೈಗೆ ಬಂದ ಮೇಲಷ್ಟೇ ಪಠ್ಯವಾಗಿ ಪರಿವರ್ತಿಸಬೇಕು. ರಿಸೀವ್ ಸೊನ್ನೆ ಎಂದು ಉತ್ತರಿಸಿದರೆ ಆ ಕಡೆಯವರು ಸಂಪರ್ಕ ಮುಗಿಸಿದ್ದಾರೆಂದು ಅರ್ಥ. ಅದನ್ನು ಗಮನಿಸದಿದ್ದರೆ ಲೂಪ್ ನಿಲ್ಲದೆ ಸುತ್ತುತ್ತಿರುತ್ತದೆ.

ಇಲ್ಲಿ ಕನ್ನಡದಲ್ಲಿ ಕೆಲಸ ಮಾಡುವ ನಾವು ವಿಶೇಷವಾಗಿ ಎಡವುವ ಒಂದು ಜಾಗವಿದೆ. ಉದ್ದವೆಂದು ಕಳುಹಿಸಬೇಕಾದದ್ದು ಬೈಟ್‌ಗಳ ಸಂಖ್ಯೆಯನ್ನು, ಪಠ್ಯದ ಉದ್ದವನ್ನಲ್ಲ. "ಕನ್ನಡ" ಪದದ ಉದ್ದವನ್ನು ಸಿ ಶಾರ್ಪ್‌ನಲ್ಲಿ ಕೇಳಿದರೆ 5 ಎನ್ನುತ್ತದೆ. ಹೋಗುವುದು 15 ಬೈಟ್. ಐದೇ ಬೈಟ್ ಓದಿ ನಿಲ್ಲಿಸಿದ ಕಾರ್ಯಕ್ರಮ ಉಳಿದ ಹತ್ತನ್ನು ಮುಂದಿನ ಸಂದೇಶದ ತಲೆ ಎಂದು ತಿಳಿಯುತ್ತದೆ, ಅಲ್ಲಿಂದಾಚೆ ಎಲ್ಲವೂ ಕಲಸಿಹೋಗುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಎರಡೂ ಸಂಖ್ಯೆಗಳು ಒಂದೇ ಆಗಿರುವುದರಿಂದ ಈ ತಪ್ಪು ಕಾಣಿಸುವುದೇ ಇಲ್ಲ. ಹಾಗಾಗಿ ನಿಮ್ಮ ಪರೀಕ್ಷೆಯ ದತ್ತಾಂಶ ಮೊದಲ ದಿನದಿಂದಲೂ ಕನ್ನಡದಲ್ಲೇ ಇರಲಿ ಎಂದು ಒತ್ತಿ ಹೇಳುತ್ತೇನೆ.

ಆ 4 ಬೈಟ್‌ಗಳ ಕ್ರಮವೂ ಎರಡೂ ಕಡೆ ಒಂದೇ ಆಗಿರಬೇಕು. ಜಾಲದ ವಾಡಿಕೆಯಲ್ಲಿ ದೊಡ್ಡ ಸ್ಥಾನದ ಬೈಟ್ ಮೊದಲು ಹೋಗುತ್ತದೆ. ಇಂಟೆಲ್ ಪ್ರೊಸೆಸರ್‌ಗಳು ಚಿಕ್ಕ ಸ್ಥಾನದ್ದನ್ನು ಮೊದಲು ಇಟ್ಟುಕೊಳ್ಳುತ್ತವೆ. 300 ಎಂಬ ಉದ್ದ 0, 0, 1, 44 ಎಂದು ಹೋಗಿ ಆ ಕಡೆ ತಲೆಕೆಳಗಾಗಿ ಓದಿಕೊಂಡರೆ 73,82,63,040 ಆಗುತ್ತದೆ, ನಿಮ್ಮ ತಂತ್ರಾಂಶ 73 ಕೋಟಿ ಬೈಟ್‌ಗಳಿಗಾಗಿ ಕಾಯುತ್ತ ಕುಳಿತುಬಿಡುತ್ತದೆ. ರಶೀದಿಯೊಂದು ಕೆಲವು ಸಾವಿರ ಬೈಟ್ ಮೀರಲಾರದು ಎಂದು ನಿಮಗೆ ಗೊತ್ತಿರುವಾಗ, ಅದಕ್ಕಿಂತ ತೀರಾ ದೊಡ್ಡ ಉದ್ದ ಬಂದ ಕೂಡಲೇ ಲಾಗ್ ಬರೆದು ಸಂಪರ್ಕವನ್ನು ಮುಚ್ಚುವುದು ಒಳ್ಳೆಯದು.

ತಿದ್ದಿದ ಮೇಲೆ ಪರೀಕ್ಷಿಸುವ ಬಗೆ: ಕಳುಹಿಸುವ ಕಡೆ ಒಂದು ಚಿಕ್ಕ ಕಾರ್ಯಕ್ರಮ ಬರೆದು ಇಡೀ ಸಂದೇಶವನ್ನು ಒಂದೊಂದೇ ಬೈಟ್‌ನಂತೆ, ನಡುನಡುವೆ ಹತ್ತಿಪ್ಪತ್ತು ಮಿಲಿಸೆಕೆಂಡ್ ಬಿಟ್ಟು ಕಳುಹಿಸಿ, ಆಮೇಲೆ ಹತ್ತು ಸಂದೇಶಗಳನ್ನು ಒಟ್ಟುಗೂಡಿಸಿ ಒಂದೇ ಸೆಂಡ್‌ನಲ್ಲಿ ಕಳುಹಿಸಿ. ಎರಡರಲ್ಲೂ ರಶೀದಿಗಳು ಸರಿಯಾಗಿ ಬಂದರೆ ಗಿರಣಿಗೆ ಧೈರ್ಯವಾಗಿ ಕೊಂಡೊಯ್ಯಬಹುದು.

ಪ್ರಶ್ನೆ: ಉದ್ದವನ್ನು ಮುಂದಿಟ್ಟು ಕಳುಹಿಸುವ ಕ್ರಮವನ್ನೇ ನಾನು ಪಾಲಿಸುತ್ತಿದ್ದೇನೆ. ಆದರೆ ಒಂದೊಂದು ಕೋರಿಕೆಗೂ ಸುಮಾರು 200 ಮಿಲಿಸೆಕೆಂಡ್ ಹಿಡಿಯುತ್ತಿದೆ. 50 ಬಿಲ್‌ಗಳನ್ನು ತರಿಸಿಕೊಳ್ಳಲು 10 ಸೆಕೆಂಡ್ ಬೇಕು. ಎರಡೂ ಕಂಪ್ಯೂಟರ್‌ಗಳು ಒಂದೇ ಸ್ವಿಚ್‌ಗೆ ಸೇರಿವೆ, ಎರಡೂ ವಿಂಡೋಸ್. (ಪುಣೆಯಲ್ಲಿರುವ ಕನ್ನಡಿಗ ಓದುಗರು)

ಉತ್ತರ: ನೀವು 4 ಬೈಟ್‌ಗಳ ಉದ್ದವನ್ನು ಒಂದು ಸೆಂಡ್‌ನಲ್ಲೂ ಸಂದೇಶವನ್ನು ಇನ್ನೊಂದು ಸೆಂಡ್‌ನಲ್ಲೂ ಕಳುಹಿಸುತ್ತಿದ್ದೀರಿ ಎಂದು ಆ 200 ಎಂಬ ಸಂಖ್ಯೆಯೇ ಹೇಳುತ್ತಿದೆ. 1984ರಲ್ಲಿ ಜಾನ್ ನೇಗಲ್ ಅವರು ಸೂಚಿಸಿದ ಕ್ರಮವೊಂದು ಟಿಸಿಪಿಯಲ್ಲಿ ಇಂದಿಗೂ ಇದೆ: ಕಳುಹಿಸಿದ ದತ್ತಾಂಶಕ್ಕೆ ಆ ಕಡೆಯಿಂದ ಸ್ವೀಕೃತಿ ಬರುವವರೆಗೆ ಇನ್ನೊಂದು ಚಿಕ್ಕ ತುಂಡನ್ನು ಕಳುಹಿಸದೆ ತಡೆದಿಡುವುದು. ಒಂದು ಬೈಟ್ ಕಳುಹಿಸಲು 40 ಬೈಟ್ ಶಿರೋಲೇಖ (ವಿಳಾಸ ಮುಂತಾದ ವಿವರ) ಹೊತ್ತೊಯ್ಯುವ ದುಂದನ್ನು ತಪ್ಪಿಸಲು ಬಂದ ಒಳ್ಳೆಯ ಕ್ರಮ ಅದು. ಇತ್ತ ಸ್ವೀಕರಿಸುವ ಕಡೆಯ ವಿಂಡೋಸ್, ತಾನು ಕಳುಹಿಸಬೇಕಾದ ಉತ್ತರದ ಜೊತೆಗೇ ಸ್ವೀಕೃತಿಯನ್ನೂ ಕೊಟ್ಟುಬಿಡೋಣವೆಂದು 200 ಮಿಲಿಸೆಕೆಂಡಿನವರೆಗೆ ಕಾಯುತ್ತದೆ. ಸಂದೇಶ ಪೂರ್ತಿಯಾಗಿ ಬಾರದೆ ಅವರ ತಂತ್ರಾಂಶ ಉತ್ತರ ಕೊಡಲಾರದು, ಸ್ವೀಕೃತಿ ಬಾರದೆ ನಿಮ್ಮ ಕಡೆಯಿಂದ ಸಂದೇಶ ಹೊರಡದು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾರೆ.

ಉದ್ದ ಮತ್ತು ಸಂದೇಶ ಎರಡನ್ನೂ ಒಂದೇ ಬಫರಿನಲ್ಲಿ ಜೋಡಿಸಿ ಒಂದೇ ಸೆಂಡ್‌ನಲ್ಲಿ ಕಳುಹಿಸಿದರೆ ಈ ವಿಳಂಬ ಹೋಗುತ್ತದೆ. ಟಿಸಿಪಿ ನೋ-ಡಿಲೇ (TCP_NODELAY) ಎಂಬ ಆಯ್ಕೆಯಿಂದ ನೇಗಲ್ ಕ್ರಮವನ್ನು ನಿಲ್ಲಿಸಲೂಬಹುದು. ಆದರೆ ಮೊದಲು ಸೆಂಡ್‌ಗಳನ್ನು ಒಟ್ಟುಗೂಡಿಸಿ, ಆಮೇಲೂ ಅಗತ್ಯ ಕಂಡರೆ ಆ ಆಯ್ಕೆಗೆ ಕೈಹಾಕಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಲಿನಕ್ಸ್‌ನಲ್ಲಿ ಬರೆದ ಸರ್ವರನ್ನು ವಿಂಡೋಸ್‌ಗೆ ತಂದಿದ್ದೇನೆ. ಒಮ್ಮೊಮ್ಮೆ ಕೆಲವು ಬಿಲ್‌ಗಳು ಎಲ್ಲಿಗೆ ಹೋದವೆಂದೇ ತಿಳಿಯುವುದಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಸರ್ವರಿನ ಎರಡು ಪ್ರತಿಗಳು ಓಡುತ್ತಿರುವುದು ಕಂಡಿತು. ಒಂದೇ ಪೋರ್ಟನ್ನು ಇಬ್ಬರು ಹಿಡಿಯುವುದು ಹೇಗೆ ಸಾಧ್ಯ? (ಹುಬ್ಬಳ್ಳಿಯ ಓದುಗರು)

ಉತ್ತರ: ರೀಯೂಸ್ ಅಡ್ರೆಸ್ ಎಂಬ ಸಾಕೆಟ್ ಆಯ್ಕೆಯನ್ನು ನೀವು ಹಾಗೆಯೇ ಉಳಿಸಿಕೊಂಡಿದ್ದೀರಿ. ಹಿಂದಿನ ಸಂಪರ್ಕಗಳು ಮುಗಿದ ಮೇಲೂ ಸ್ವಲ್ಪ ಹೊತ್ತು ಟೈಮ್ ವೆಯ್ಟ್ ಸ್ಥಿತಿಯಲ್ಲಿ ಉಳಿಯುವುದರಿಂದ, ಸರ್ವರನ್ನು ಕೂಡಲೇ ಮತ್ತೆ ಆರಂಭಿಸಲು ಲಿನಕ್ಸ್‌ನಲ್ಲಿ ಆ ಆಯ್ಕೆ ಬೇಕಾಗುತ್ತದೆ. ವಿಂಡೋಸ್‌ನಲ್ಲಿ ಅದೇ ಹೆಸರಿನ ಆಯ್ಕೆಯ ಅರ್ಥವೇ ಬೇರೆ: ಇನ್ನೊಬ್ಬರು ಈಗ ಹಿಡಿದಿರುವ ಪೋರ್ಟನ್ನೂ ಅದು ಹಂಚಿಕೊಳ್ಳಗೊಡುತ್ತದೆ, ಬರುವ ಸಂಪರ್ಕ ಯಾರ ಪಾಲಾಗುತ್ತದೆಂದು ಹೇಳುವಂತಿಲ್ಲ. ಅಲ್ಲಿ ಅದನ್ನು ತೆಗೆದು ಎಕ್ಸ್‌ಕ್ಲೂಸಿವ್ ಅಡ್ರೆಸ್ ಯೂಸ್ ಆಯ್ಕೆಯನ್ನು ಹಾಕಿ. ಆಗ ಎರಡನೆಯ ಪ್ರತಿಗೆ ಪೋರ್ಟ್ ಸಿಗದೆ ದೋಷಸಂಖ್ಯೆ ಬರುತ್ತದೆ, ಬರಲೇಬೇಕಾದದ್ದೂ ಅದೇ. ನಿಮ್ಮ ಪೋರ್ಟ್ ಸಂಖ್ಯೆ 49152ಕ್ಕಿಂತ ಕೆಳಗಿರಲಿ. ಅದರಿಂದ 65535ರವರೆಗಿನವನ್ನು ವಿಂಡೋಸ್ ಹೊರಹೋಗುವ ಸಂಪರ್ಕಗಳಿಗೆ ತಾನೇ ಹಂಚುತ್ತಿರುತ್ತದೆ.

ಪ್ರಶ್ನೆ: "ಕನೆಕ್ಟ್" ಗುಂಡಿ ಒತ್ತಿದ ಮೇಲೆ ಸರ್ವರ್ ಇಲ್ಲದಿದ್ದರೆ ಕಿಟಕಿ ಬೆಳ್ಳಗಾಗಿ "ನಾಟ್ ರೆಸ್ಪಾಂಡಿಂಗ್" ಎಂದು ತೋರಿಸುತ್ತದೆ, ಸುಮಾರು 20 ಸೆಕೆಂಡಿನ ನಂತರ ತಾನೇ ಸರಿಹೋಗುತ್ತದೆ. (ಮೈಸೂರಿನ ಓದುಗರು)

ಉತ್ತರ: ಆ 20 ಸೆಕೆಂಡ್ ವಿಂಡೋಸ್ ಸಂಪರ್ಕಕ್ಕಾಗಿ ಮರುಪ್ರಯತ್ನಿಸಿ ಕೈಬಿಡುವ ಅವಧಿ. ಕಿಟಕಿಯನ್ನು ನೋಡಿಕೊಳ್ಳುವ ಥ್ರೆಡ್‌ನಲ್ಲೇ (ಕಾರ್ಯಕ್ರಮದೊಳಗಿನ ಕೆಲಸದ ಎಳೆಯಲ್ಲೇ) ನೀವು ಕನೆಕ್ಟ್ ಕರೆದಿರುವುದರಿಂದ ಅದು ಅಷ್ಟೂ ಹೊತ್ತು ಬೇರೆ ಕೆಲಸ ಮಾಡಲಾಗದೆ ನಿಂತಿದೆ. ಹಾಗೆ 5 ಸೆಕೆಂಡ್ ಕಳೆದರೆ ವಿಂಡೋಸ್ ಆ ಸೂಚನೆ ಹಾಕುತ್ತದೆ. ಅಸಿಂಕ್ (ಮುಗಿಯುವವರೆಗೆ ಕಾದು ನಿಲ್ಲದ) ಕರೆಯನ್ನು ಬಳಸಿ, ಇಲ್ಲವೇ ಬೇರೆ ಥ್ರೆಡ್‌ಗೆ ಆ ಕೆಲಸ ಒಪ್ಪಿಸಿ; 5 ಸೆಕೆಂಡಿನೊಳಗೆ ಸಂಪರ್ಕ ಆಗದಿದ್ದರೆ ನೀವೇ ಕೈಬಿಟ್ಟು ಬಳಕೆದಾರರಿಗೆ ತಿಳಿಸಿ. ಬೇರೆ ಥ್ರೆಡ್‌ನಿಂದ ಕಿಟಕಿಯ ಮೇಲಿನ ಲೇಬಲ್ ಅಥವಾ ಪಟ್ಟಿಯನ್ನು ನೇರವಾಗಿ ಮುಟ್ಟಬೇಡಿ. ಅದನ್ನು ಕಿಟಕಿಯ ಥ್ರೆಡ್‌ಗೇ ಹಿಂದಿರುಗಿಸಿ ಮಾಡಿಸಬೇಕು.

ಪ್ರಶ್ನೆ: ನಮ್ಮದು ಸಹಕಾರ ಸಂಘದ ತಂತ್ರಾಂಶ. ಮಳೆಗಾಲದಲ್ಲಿ ಕರೆಂಟ್ ಹೋಗಿ ಕೌಂಟರಿನ ಕಂಪ್ಯೂಟರ್ ಆರಿದರೆ, ಮತ್ತೆ ಚಾಲೂ ಮಾಡಿದಾಗ "ಈ ಬಳಕೆದಾರರು ಈಗಾಗಲೇ ಲಾಗಿನ್ ಆಗಿದ್ದಾರೆ" ಎಂದು ಸರ್ವರ್ ಒಳಗೆ ಬಿಡುವುದಿಲ್ಲ. ಯುಪಿಎಸ್ ಇರುವ ಸರ್ವರನ್ನೇ ಮತ್ತೆ ಆರಂಭಿಸಬೇಕಾಗುತ್ತದೆ. ಆ ಕಡೆಯವರು ಇದ್ದಾರೆಯೇ ಎಂದು ವಿಚಾರಿಸುವ ಕೀಪ್ ಅಲೈವ್ ಆಯ್ಕೆಯನ್ನು ಹಾಕಿದ್ದೇನೆ, ಆದರೂ ಹೀಗೆ. (ಮಂಗಳೂರು ಕಡೆಯ ಓದುಗರು)

ಉತ್ತರ: ತಂತ್ರಾಂಶವನ್ನು ಸರಿಯಾಗಿ ಮುಚ್ಚಿದಾಗ ಸಂಪರ್ಕ ಮುಗಿಯಿತೆಂಬ ಸಂಕೇತ ಸರ್ವರಿಗೆ ಹೋಗುತ್ತದೆ. ಕಂಪ್ಯೂಟರೇ ಥಟ್ಟನೆ ಆರಿದರೆ ಆ ಸಂಕೇತ ಕಳುಹಿಸುವವರು ಯಾರು? ಸರ್ವರಿನ ದೃಷ್ಟಿಯಲ್ಲಿ ಅದು ಸುಮ್ಮನಿರುವ ಸಂಪರ್ಕ, ಸತ್ತ ಸಂಪರ್ಕವಲ್ಲ; ಟಿಸಿಪಿಯಲ್ಲಿ ಎರಡೂ ಕಡೆಯವರು ಎಷ್ಟು ಹೊತ್ತು ಬೇಕಾದರೂ ಮೌನವಾಗಿರಬಹುದು. ಕೀಪ್ ಅಲೈವ್ ಹಾಕಿದ್ದೀರಿ, ಸರಿ. ಆದರೆ ಅದರ ಪೂರ್ವನಿಯೋಜಿತ ಅವಧಿ 2 ಗಂಟೆ. ಅಷ್ಟು ಹೊತ್ತು ಮೌನವಾಗಿದ್ದ ಮೇಲಷ್ಟೇ ವಿಚಾರಣೆ ಆರಂಭವಾಗುತ್ತದೆ, ಮಧ್ಯಾಹ್ನದ ಹೊತ್ತಿನಲ್ಲಿ ಸರದಿಯಲ್ಲಿ ನಿಂತ ಸದಸ್ಯರು 2 ಗಂಟೆ ಕಾಯಲಾರರು.

ಆ ಅವಧಿಯನ್ನು ಕಡಿಮೆ ಮಾಡಬಹುದಾದರೂ ನಿಮ್ಮದೇ ಸಂದೇಶ ಕ್ರಮದಲ್ಲಿ "ಇದ್ದೇನೆ" ಎಂಬ ಚಿಕ್ಕ ಸಂದೇಶವೊಂದನ್ನು ಇಟ್ಟುಕೊಳ್ಳುವುದನ್ನೇ ನಾನು ಹೇಳುತ್ತೇನೆ. ಕ್ಲೈಂಟ್ (ಕೌಂಟರಿನ ತಂತ್ರಾಂಶ) 20 ಸೆಕೆಂಡಿಗೊಮ್ಮೆ ಅದನ್ನು ಕಳುಹಿಸಲಿ. ಒಂದು ನಿಮಿಷ ಏನೂ ಬಾರದಿದ್ದರೆ ಸರ್ವರ್ ಆ ಸಾಕೆಟ್ ಮುಚ್ಚಿ ಲಾಗಿನ್ ಬಿಡುಗಡೆ ಮಾಡಲಿ. ಕೀಪ್ ಅಲೈವ್‌ಗೆ ಉತ್ತರಿಸುವುದು ಆ ಕಡೆಯ ವಿಂಡೋಸ್. ನಿಮ್ಮ ತಂತ್ರಾಂಶ ನೇತುಬಿದ್ದಿದ್ದರೂ ಅದು ಉತ್ತರಿಸುತ್ತಿರುತ್ತದೆ. ನಿಮ್ಮ ಸಂದೇಶಕ್ಕಾದರೋ ನಿಮ್ಮ ತಂತ್ರಾಂಶ ಬದುಕಿರಲೇಬೇಕು.

ಇದಕ್ಕೆ ಅಂಟಿಕೊಂಡ ಇನ್ನೊಂದು ಅಪಾಯವನ್ನು ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಸೆಂಡ್ ಯಶಸ್ವಿಯಾಯಿತೆಂದರೆ ನಿಮ್ಮ ದತ್ತಾಂಶ ನಿಮ್ಮದೇ ಕಂಪ್ಯೂಟರಿನ ಬಫರಿಗೆ ಹೋಯಿತೆಂದಷ್ಟೇ ಅರ್ಥ. ಆ ಕಡೆ ತಲುಪಿತೆಂದಲ್ಲ. ಇದು ತಿಳಿಯದಿದ್ದ ದಿನಗಳಲ್ಲಿ ಒಂದು ಅಂಗಡಿಗೆ ನಾನು ಬರೆದುಕೊಟ್ಟ ತಂತ್ರಾಂಶ, ಸೆಂಡ್ ಆದ ಕೂಡಲೇ ಬಿಲ್ಲಿನ ಮುಂದೆ "ರವಾನೆಯಾಗಿದೆ" ಎಂದು ಗುರುತು ಹಾಕುತ್ತಿತ್ತು. ಸ್ವಿಚ್‌ನ ಕರೆಂಟ್ ಹೋದ ಸಂಜೆ ಗುರುತು ಬಿದ್ದ ನಾಲ್ಕು ಬಿಲ್‌ಗಳು ಸರ್ವರಿನಲ್ಲಿ ಇರಲಿಲ್ಲ, ಲೆಕ್ಕ ನೋಡುವ ಹುಡುಗ ರಾತ್ರಿ ಹತ್ತರವರೆಗೆ ಕುಳಿತು ಕಾಗದದ ಪ್ರತಿಗಳನ್ನು ತಾಳೆ ಹಾಕಬೇಕಾಯಿತು. ತಪ್ಪು ಪೂರ್ತಿಯಾಗಿ ನನ್ನದು. ಸರ್ವರ್ ಬಿಲ್ಲನ್ನು ಡೇಟಾಬೇಸಿನಲ್ಲಿ ಉಳಿಸಿದ ಮೇಲೆ ಆ ಬಿಲ್ ಸಂಖ್ಯೆಯನ್ನು ಹೇಳಿ "ಉಳಿಸಿದೆ" ಎಂದು ಉತ್ತರಿಸಬೇಕು, ಆ ಉತ್ತರ ಬಂದ ಮೇಲೆಯೇ ಕ್ಲೈಂಟ್ ಗುರುತು ಹಾಕಬೇಕು. ಉತ್ತರ ಬಾರದಿದ್ದರೆ ಕ್ಲೈಂಟ್ ಅದೇ ಸಂಖ್ಯೆಯೊಂದಿಗೆ ಮತ್ತೆ ಕಳುಹಿಸುತ್ತದೆ. ಆ ಸಂಖ್ಯೆ ಆಗಲೇ ಇದ್ದರೆ ಸರ್ವರ್ ಎರಡನೆಯ ಸಲ ಜಮೆ ಮಾಡದೆ "ಉಳಿಸಿದೆ" ಎಂದಷ್ಟೇ ಹೇಳಬೇಕು. ಹಣದ ಲೆಕ್ಕವಿರುವ ನಿಮ್ಮ ಸಂಘದಲ್ಲಿ ಇದನ್ನು ಮುಂದಕ್ಕೆ ಹಾಕಬೇಡಿ.

ಪ್ರಶ್ನೆ: ಸರ್ವರ್ ಉತ್ತರ ಕಳುಹಿಸಿ ಸಾಕೆಟ್ ಮುಚ್ಚುತ್ತದೆ. ಆದರೆ ಕ್ಲೈಂಟಿಗೆ ಕೆಲವೊಮ್ಮೆ ಉತ್ತರದ ಬದಲು 10054 ಬರುತ್ತದೆ. ಸರ್ವರಿನ ಲಾಗಿನಲ್ಲಿ ಯಾವ ದೋಷವೂ ಇಲ್ಲ. (ಕಲಬುರಗಿಯ ಓದುಗರು)

ಉತ್ತರ: 10054 ಎಂದರೆ ಆ ಕಡೆಯಿಂದ ಸಂಪರ್ಕ ಒರಟಾಗಿ ಕಡಿದುಬಂದಿದೆ. ಸರ್ವರ್ ಕುಸಿದಿದ್ದರೆ ಹೀಗಾಗುವುದುಂಟು, ಆದರೆ ನಿಮ್ಮ ವಿವರಣೆ ಇನ್ನೊಂದು ಕಾರಣದತ್ತ ಬೆರಳು ಮಾಡುತ್ತದೆ. ಬಂದಿರುವ ಬೈಟ್‌ಗಳನ್ನು ಪೂರ್ತಿ ಓದದೆ ಸಾಕೆಟ್ ಮುಚ್ಚಿದರೆ ಟಿಸಿಪಿ ಸೌಮ್ಯವಾಗಿ ಮುಗಿಸದೆ ರೀಸೆಟ್ ಕಳುಹಿಸುತ್ತದೆ, ಆ ರೀಸೆಟ್ ತಲುಪಿದಾಗ ಕ್ಲೈಂಟ್ ಇನ್ನೂ ಓದದೆ ಉಳಿಸಿದ್ದ ಉತ್ತರವೂ ಕಳೆದುಹೋಗಬಹುದು. ಕ್ಲೈಂಟ್ ಸಂದೇಶದ ಕೊನೆಗೆ ಹೊಸಸಾಲಿನ ಎರಡು ಬೈಟ್‌ಗಳನ್ನು ಸೇರಿಸುತ್ತಿದ್ದು, ಸರ್ವರ್ ಅವನ್ನು ಓದದೆ ಬಿಟ್ಟಿದ್ದರೂ ಸಾಕು. ಸರ್ವರ್ ಉತ್ತರ ಕಳುಹಿಸಿದ ಮೇಲೆ ಶಟ್‌ಡೌನ್ ಕರೆಯಿಂದ ಕಳುಹಿಸುವ ದಿಕ್ಕನ್ನು ಮಾತ್ರ ಮುಚ್ಚಿ, ರಿಸೀವ್ ಸೊನ್ನೆ ಎನ್ನುವವರೆಗೆ ಓದಿ, ಆಮೇಲೆ ಸಾಕೆಟ್ ಮುಚ್ಚಲಿ.

ನನ್ನ ಊಹೆ ಸರಿಯೇ ಎಂದು, ಜಾಲದ ಪ್ಯಾಕೆಟ್‌ಗಳನ್ನು ಸೆರೆಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ನೀವೇ ನೋಡಬಹುದು. ನಿಮ್ಮ ಪೋರ್ಟಿನ ಪ್ಯಾಕೆಟ್‌ಗಳನ್ನು ಮಾತ್ರ ಸೋಸಿ, ರೀಸೆಟ್ ಇರುವ ಸಾಲು ಯಾವ ಐಪಿ ವಿಳಾಸದಿಂದ ಹೊರಟಿದೆ ಮತ್ತು ಅದಕ್ಕೆ ತುಸು ಮೊದಲು ಕ್ಲೈಂಟಿನಿಂದ ಎಷ್ಟು ಬೈಟ್ ಬಂದಿವೆ ಎಂಬುದನ್ನು ಗಮನಿಸಿ. ಸರ್ವರ್ ಓದಿದ ಬೈಟ್‌ಗಳ ಲೆಕ್ಕದೊಂದಿಗೆ ಅದನ್ನು ಹೋಲಿಸಿದರೆ ಉಳಿದುಹೋದವು ಎಷ್ಟೆಂದು ಗೊತ್ತಾಗುತ್ತದೆ. ಕ್ಲೈಂಟ್ ಮತ್ತು ಸರ್ವರ್ ಒಂದೇ ವಿಂಡೋಸ್ ಕಂಪ್ಯೂಟರಿನಲ್ಲಿದ್ದರೆ ಪ್ಯಾಕೆಟ್ ಹಿಡಿದುಕೊಡುವ ಎನ್‌ಪಿಕ್ಯಾಪ್ ಚಾಲಕದ ಲೂಪ್‌ಬ್ಯಾಕ್ ಅಡಾಪ್ಟರನ್ನು ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಒಂದು ಪ್ಯಾಕೆಟ್ಟೂ ಕಾಣಿಸದು. ಗ್ರಾಹಕರ ಜಾಲದಲ್ಲಿ ಹೀಗೆ ಸೆರೆಹಿಡಿಯುವ ಮೊದಲು ಅವರ ಅನುಮತಿ ಕೇಳಿ, ಕೆಲಸ ಮುಗಿದ ಮೇಲೆ ಆ ಕಡತವನ್ನು ಅಳಿಸಿಬಿಡಿ. ಅದರೊಳಗೆ ಅವರ ಬಿಲ್‌ಗಳೆಲ್ಲ ಇರುತ್ತವೆ.